ಸಾಹೇಬರಿಗೂ ಒಂದು ಪಿರಿಯಡ್ ಕೊಡಿ

ಒಂದು ಶಾಲೆ ಹೇಗಿದೆ ಅಂತ ತಿಳಿಯಬೇಕಾದರೆ ಎಲ್ಲಿ ನಿಲ್ಲಬೇಕು ಅಂತ ಯಾರಾದರೂ ಕೇಳಿದರೆ, ಮಧ್ಯಾಹ್ನದ ಎಂಜಲು ಬಕೆಟಿನ ಪಕ್ಕ ಅನ್ನುತ್ತೇನೆ. ಮುಖ್ಯ ಶಿಕ್ಷಕರ ಕೋಣೆಯಂತೂ ಅಲ್ಲವೇ ಅಲ್ಲ.

ಕೆಲವು ವರ್ಷಗಳ ಹಿಂದೆ ಉಡುಪಿ ಕಡೆಯ ಒಂದು ಸರಕಾರಿ ಶಾಲೆಯಲ್ಲಿ ನಾನು ಹಾಗೆ ನಿಂತಿದ್ದೆ. ಆಗ ನಾನು ಬ್ಲಾಕ್ ಮಟ್ಟದ ಅಧಿಕಾರಿ. ಅದಕ್ಕೂ ಮೊದಲು ಹತ್ತೊಂಬತ್ತು ವರ್ಷ ಪಾಠ ಮಾಡಿದವನು. ಒಂದು ಮಗು ಬಂತು, ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಇತ್ತು. ಬಕೆಟಿಗೆ ಸುರಿದು ಹೋಯಿತು. ಇನ್ನೊಂದು ಬಂತು, ಅದೂ ಹಾಗೇ. ಆಮೇಲೆ ಬಂದ ಮೂವರ ತಟ್ಟೆಯಲ್ಲಿ ಒಂದು ಅಗುಳೂ ಇಲ್ಲ. ಸಾಂಬಾರು ಒಂದೇ, ಅನ್ನ ಒಂದೇ. ಹತ್ತು ನಿಮಿಷ ನೋಡಿದ ಮೇಲೆ ಲೆಕ್ಕ ಸಿಕ್ಕಿತು. ತಟ್ಟೆ ಖಾಲಿ ಮಾಡುತ್ತಿದ್ದವರು ಬಾಗಲಕೋಟೆ, ಕೊಪ್ಪಳ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳು. ಸುರಿಯುತ್ತಿದ್ದವರು ಈ ಊರಿನವರು.

ಅಡುಗೆಯವರು ನಕ್ಕರು. "ಬೆಳ್ತಿಗೆ ಅನ್ನ ಅಲ್ವಾ ಸರ್. ಮನೆಯಲ್ಲಿ ಕುಚ್ಚಲಕ್ಕಿ ಉಣ್ಣುವ ಮಕ್ಕಳು. ಇದು ಇವರಿಗೆ ಇಳಿಯುವುದಿಲ್ಲ." ಬೆಳ್ತಿಗೆ ಅಂದರೆ ಬಿಳಿ ಅಕ್ಕಿ, ಕುಚ್ಚಲಕ್ಕಿ ಅಂದರೆ ಭತ್ತವನ್ನು ಬೇಯಿಸಿ ಮಾಡಿದ ಅಕ್ಕಿ.

ನನ್ನ ಮೇಜಿಗೆ ಬರುವ ಲೆಕ್ಕದಲ್ಲಿ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, ಆರರಿಂದ ಎಂಟಕ್ಕೆ 150 ಗ್ರಾಂ. ಹಾಜರಿಯಿಂದ ಗುಣಿಸಿದರೆ ಖರ್ಚು ಸರಿಯಾಗಿ ತಾಳೆ ಆಗುತ್ತಿತ್ತು. ಅಕ್ಕಿ ಬೆಂದದ್ದೂ ನಿಜ, ಬಡಿಸಿದ್ದೂ ನಿಜ. ಹೊಟ್ಟೆಗೆ ಹೋಗಿಲ್ಲ, ಅಷ್ಟೇ. ಬಕೆಟ್ಟಿಗೆ ನಮ್ಮ ಯಾವ ಫಾರಂನಲ್ಲೂ ಕಾಲಂ ಇರಲಿಲ್ಲ. ಎಸ್‌ಡಿಎಂಸಿಯವರಿಗೆ, ಅಂದರೆ ಶಾಲೆಯ ಉಸ್ತುವಾರಿ ನೋಡುವ ಪೋಷಕರ ಸಮಿತಿಗೆ, ಹೇಳಿದೆ. ಅವರೇ ಒಂದು ಮೂಟೆ ಕುಚ್ಚಲಕ್ಕಿ ಒಟ್ಟು ಮಾಡಿ ವಾರಕ್ಕೊಂದು ದಿನ ಮಾಡಿಸಿದರು. ಆ ದಿನ ಬಕೆಟಿನ ತಳ ಕಾಣುತ್ತಿತ್ತು. ಉಳಿದ ದಿನ ಮೊದಲಿನ ಹಾಗೇ. ಇಡೀ ಜಿಲ್ಲೆಯ ಸಮಸ್ಯೆ ಒಂದು ಮೂಟೆಯಲ್ಲಿ ಮುಗಿಯುವುದಿಲ್ಲವಲ್ಲ. ಆದರೆ ಅಲ್ಲೊಂದು ಸಮಸ್ಯೆ ಉಂಟು ಅಂತ ನನಗೆ ಗೊತ್ತಾದದ್ದು ಆವತ್ತು.

ಶಾಲೆ ನಡೆಸುವವರು, ಅಂದರೆ ಅಧಿಕಾರಿಗಳು, ಪ್ರಿನ್ಸಿಪಾಲರು, ಆಡಳಿತ ಮಂಡಳಿಯವರು ಕಡ್ಡಾಯವಾಗಿ ಶಾಲೆಯ ದಿನಚರಿಯಲ್ಲಿ ಸಮಯ ಕಳೆಯಬೇಕು ಅನ್ನುವ ಮಾತು ಆಗಾಗ ಬರುತ್ತದೆ. ನಾನು ಅದರ ಪರ. ಆದರೆ "ಶಾಲೆಗೆ ಭೇಟಿ ನೀಡಬೇಕು" ಅಂತ ಮಾತ್ರ ನಿಯಮ ಮಾಡಬೇಡಿ. ಭೇಟಿ ಈಗಲೇ ಬೇಕಾದಷ್ಟು ಉಂಟು.

ಭೇಟಿ ಹೇಗಿರುತ್ತದೆ ಅಂತ ಹೇಳುತ್ತೇನೆ. ನಾನು ಜೀಪು ಹತ್ತುವ ಮೊದಲೇ ಫೋನು ಹೋಗಿರುತ್ತದೆ, "ಸಾಹೇಬರು ಹೊರಟಿದ್ದಾರೆ". ನಾನು ತಲುಪುವಾಗ ಅಂಗಳ ಗುಡಿಸಿರುತ್ತದೆ, ಬೊಂಡ (ಎಳನೀರು) ಕೆತ್ತಿ ಇಟ್ಟಿರುತ್ತಾರೆ. ಮೊದಲ ಬೆಂಚಿನಲ್ಲಿ ಮಗ್ಗಿ ಹೇಳುವ ಹುಡುಗಿ ರೆಡಿ. ನಾನು ಹೋದಾಗಲೆಲ್ಲ ಶೌಚಾಲಯ ಫಿನಾಯಿಲ್ ವಾಸನೆ ಹೊಡೆಯುತ್ತಿತ್ತು. ಆರು ವರ್ಷದಲ್ಲಿ ಒಂದು ಕೊಳಕು ಶೌಚಾಲಯವನ್ನೂ ನಾನು ನೋಡಲಿಲ್ಲ ಅಂದರೆ ನಂಬುತ್ತೀರಾ? ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದಾಗಿನ ಇನ್ಸ್‌ಪೆಕ್ಟರ್ ಕಥೆಗಳನ್ನು ಹಿರಿಯ ಮಾಸ್ಟ್ರುಗಳ ಬಾಯಲ್ಲಿ ಕೇಳಿದ್ದೇನೆ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಎತ್ತಿನ ಗಾಡಿ ಹೋಗಿ ಜೀಪು ಬಂತು. ಅಂಗಳ ಗುಡಿಸುವುದು ಮಾತ್ರ ನಿಲ್ಲಲಿಲ್ಲ.

ಬೇಕಾದದ್ದು ಭೇಟಿಯಲ್ಲ, ಕೆಲಸ. ಟೈಮ್‌ಟೇಬಲ್‌ನಲ್ಲಿ ಹೆಸರು ಹಾಕಿದ ಕೆಲಸ. ಇಂಥ ದಿನ ಊಟ ಬಡಿಸುವುದು, ಇಂಥ ಪಿರಿಯಡ್ ಒಂದನೇ ಕ್ಲಾಸು, ಸಂಜೆ ಬಸ್ ಸ್ಟ್ಯಾಂಡಿನವರೆಗೆ ಮಕ್ಕಳ ಜೊತೆ ಹೋಗುವುದು. ಸುಮ್ನೆ ಹಿಂದಿನ ಬೆಂಚಿನಲ್ಲಿ ಕೂತು ಬರೆದುಕೊಳ್ಳುವುದಲ್ಲ. ಹಾಗೆ ಕೂತರೆ ಇಡೀ ಕ್ಲಾಸು ನಿಮಗಾಗಿ ನಾಟಕ ಮಾಡುತ್ತದೆ. ಬಿಸಿಯೂಟದಲ್ಲಿ ಈಗಾಗಲೇ ಇಂಥ ಒಂದು ನಿಯಮ ಉಂಟು. ಮಕ್ಕಳಿಗೆ ಬಡಿಸುವ ಮೊದಲು ದೊಡ್ಡವರು ರುಚಿ ನೋಡಬೇಕು. ಒಳ್ಳೆಯ ನಿಯಮ. ಯಾಕೆಂದರೆ ಅದು "ಪರಿಶೀಲಿಸಿ" ಅನ್ನುವುದಿಲ್ಲ, "ತಿನ್ನಿ" ಅನ್ನುತ್ತದೆ.

ನಾನು ಇದನ್ನು ಕಲಿತದ್ದು ತಡವಾಗಿ. ಸರ್ವಿಸಿನ ಕೊನೆಯ ವರ್ಷ ಒಂದೇ ಶಾಲೆ ಆರಿಸಿಕೊಂಡು ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದೆ. ಮೊದಲ ಎರಡು ಸಲ ಬೊಂಡ ಬಂತು. ಮೂರನೇ ಸಲಕ್ಕೆ ಯಾರಿಗೂ ಪುರುಸೊತ್ತಿಲ್ಲ. ಸಣ್ಣ ಮಕ್ಕಳಿಗೆ ಚಟುವಟಿಕೆಯಲ್ಲೇ ಕಲಿಸುವ ನಲಿಕಲಿ ಕ್ಲಾಸಿನ ಟೀಚರ್ ತರಬೇತಿಗೆ ಹೋಗಿದ್ದರು. "ಸರ್, ಒಂದು ಗಂಟೆ ನೋಡಿಕೊಳ್ಳಿ" ಅಂತ ಮುಖ್ಯ ಶಿಕ್ಷಕಿ ನನ್ನನ್ನು ಒಳಗೆ ಬಿಟ್ಟು ಹೋದರು. ಆವತ್ತಿನಿಂದ ನನ್ನ ನಿಜವಾದ ಶಾಲಾ ಭೇಟಿ ಶುರುವಾಯಿತು ಅನ್ನಬಹುದು.

ಒಂದು ಚಿತ್ರ ತೋರಿಸಿ "ಇದೇನು?" ಅಂದೆ. ಬೆಕ್ಕಿನ ಚಿತ್ರ. ಮುಂದೆ ಕೂತ ಹುಡುಗ ನನ್ನನ್ನೇ ನೋಡುತ್ತಿದ್ದ, ಬಾಯಿ ಬಿಡಲಿಲ್ಲ. ಮತ್ತೆ ಕೇಳಿದೆ. ಇಲ್ಲ. ಆಗ ಪಕ್ಕದವಳು ಅವನ ಕಿವಿಯಲ್ಲಿ "ಪುಚ್ಚೆ" ಅಂದಳು. ಅವನು ಅವಳಿಗೆ ಮೆಲ್ಲ "ಗೊತ್ತುಂಡು" ಅಂದ. ಗೊತ್ತು, ಆದರೆ ಅದು ಇಲ್ಲಿ ಹೇಳುವ ಮಾತಲ್ಲ ಅಂತ ಅವನು ತೀರ್ಮಾನ ಮಾಡಿದ್ದ. ಹಿಂದಿನಿಂದ ಇನ್ನೊಬ್ಬಳು "ಮಾಜರ್" ಅಂತ ಕೂಗಿದಳು. ಒಂದೇ ಚಾಪೆಯಲ್ಲಿ ತುಳು, ಕೊಂಕಣಿ, ಬಯಲುಸೀಮೆಯ ಕನ್ನಡ. ಮೂವರಿಗೂ ಬೆಕ್ಕು ಗೊತ್ತು. ನಾನು ಅಧಿಕಾರಿಯಾಗಿ ಕ್ಲಾಸಿಗೆ ಹೋಗಿ, ಮೂರು ಪ್ರಶ್ನೆ ಕೇಳಿ, ಉತ್ತರ ಬರದಿದ್ದರೆ "ಕಲಿಕಾ ಮಟ್ಟ ಕಡಿಮೆ" ಅಂತ ಎಷ್ಟು ಶಾಲೆಯ ವರದಿಯಲ್ಲಿ ಬರೆದಿದ್ದೆನೋ. ಮನೆಯಲ್ಲಿ ತುಳು ಮಾತಾಡುವ ನನಗೇ ಅದು ಹೊಳೆದಿರಲಿಲ್ಲ. ಕುರ್ಚಿಯಲ್ಲಿ ಕೂತಾಗ ನನ್ನ ತುಳುವೂ ಮಾಯ ಆಗುತ್ತಿತ್ತು ಅಂತ ಕಾಣುತ್ತದೆ.

ಹಾಜರಿಯ ಕಥೆಯೂ ಹೀಗೆಯೇ. ಬಂದರಿನ ಹತ್ತಿರದ ಒಂದು ಶಾಲೆಯಲ್ಲಿ ಜೂನ್, ಜುಲೈ ಬಂದರೆ ಹತ್ತಾರು ಮಕ್ಕಳು ಸತತ ಗೈರು. ನಾನೇ ನೋಟಿಸು ಕಳಿಸಿದ್ದೆ, ಕಾರಣ ಕೊಡಿ ಅಂತ. ಮುಖ್ಯ ಶಿಕ್ಷಕರು ಒಂದೇ ಸಾಲು ಬರೆದರು: "ಬೋಟು ಮೇಲೆ ಬಂದಿದೆ, ಆಗಸ್ಟಿನಲ್ಲಿ ಬರುತ್ತಾರೆ." ಉಡಾಫೆ ಅನಿಸಿ ಸಿಟ್ಟು ಬಂತು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ. ಇದು ಕರಾವಳಿಯಲ್ಲಿ ಯಾರಿಗೆ ಗೊತ್ತಿಲ್ಲ? ಬಂಗುಡೆ ರೇಟು ಏರಿದಾಗ ಎಲ್ಲರಿಗೂ ನೆನಪಾಗುತ್ತದೆ. ಅದಕ್ಕೂ ಹಾಜರಿ ಪುಸ್ತಕಕ್ಕೂ ಸಂಬಂಧ ಉಂಟು ಅಂತ ಮಾತ್ರ ನನಗೆ ಹೊಳೆಯಲಿಲ್ಲ. ಬೋಟು ನಿಂತರೆ ಕೂಲಿ ಇಲ್ಲ. ಕೂಲಿ ಇಲ್ಲದಿದ್ದರೆ ಮನೆಮಂದಿ ಎಲ್ಲ ಘಟ್ಟ ಹತ್ತಿ ಊರಿಗೆ ಹೋಗುತ್ತಾರೆ. ಶಾಲೆ ಶುರುವಾಗುವ ಹೊತ್ತಿಗೇ ಆ ಮಕ್ಕಳು ಇರುವುದಿಲ್ಲ, ಮೊದಲ ಎರಡು ತಿಂಗಳ ಪಾಠ ಅವರಿಗೆ ಸಿಗುವುದೇ ಇಲ್ಲ. ಆ ಶಾಲೆಯ ಶಿಕ್ಷಕರು ಆಗಸ್ಟಿನಲ್ಲಿ ಸಂಜೆ ಅರ್ಧ ಗಂಟೆ ಜಾಸ್ತಿ ಕೂತು ಆ ಪಾಠ ತುಂಬಿಸುತ್ತಿದ್ದರು. ನಾನು ಅವರಿಗೆ ಕೊಟ್ಟದ್ದು ನೋಟಿಸು.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ನಮ್ಮ ಎರಡು ಜಿಲ್ಲೆಯವರಿಗೆ ಎಸ್ಸೆಸ್ಸೆಲ್ಸಿ ರಿಸಲ್ಟಿನ ಒಂದು ಅಮಲು ಉಂಟು. 2024ರಲ್ಲಿ ಉಡುಪಿ ಶೇಕಡಾ 94 ತೆಗೆದು ರಾಜ್ಯಕ್ಕೆ ಮೊದಲು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ಖುಷಿಯ ವಿಷಯವೇ. ಆದರೆ ಆ ಅಂಕಿ ಗೋಡೆಯಲ್ಲಿ ಇರುವಷ್ಟು ದಿನ ಅಧಿಕಾರಿಗೆ ಒಂದನೇ ಕ್ಲಾಸಿಗೆ ಹೋಗುವ ಅವಸರ ಹುಟ್ಟುವುದಿಲ್ಲ. ಮೀಟಿಂಗಿನಲ್ಲಿ ಕೇಳುವುದೂ ಹತ್ತನೆಯದನ್ನೇ.

ಖಾಸಗಿ ಮತ್ತು ಅನುದಾನಿತ ಶಾಲೆಗಳಲ್ಲಿ ರೋಗ ಬೇರೆ ಥರ. ಇಲ್ಲಿನ ಸಂಚಾಲಕರನ್ನು ಮಕ್ಕಳು ನೋಡುವುದು ವಾರ್ಷಿಕೋತ್ಸವದ ವೇದಿಕೆಯಲ್ಲಿ, ಶಾಲು ಹೊದ್ದುಕೊಂಡು. ಮಂಗಳೂರಿನ ಒಂದು ದೊಡ್ಡ ಶಾಲೆಯಲ್ಲಿ ಪ್ರಿನ್ಸಿಪಾಲರು ತಮ್ಮ ಕೋಣೆಯ ಟಿವಿ ತೋರಿಸಿ, "ಎಲ್ಲ ಕ್ಲಾಸೂ ಇಲ್ಲಿಂದಲೇ ಕಾಣುತ್ತದೆ" ಅಂದರು. ಹದಿನಾರು ಚೌಕ, ಶಬ್ದ ಇಲ್ಲ. ಚೇರ್ಕಾಡಿ, ಮುಡಿಪುವಿನ ನವೋದಯಗಳಂಥ ವಸತಿ ಶಾಲೆಯಲ್ಲಾದರೆ ಪ್ರಿನ್ಸಿಪಾಲರ ಮನೆಯೇ ಆವರಣದೊಳಗೆ. ಮಕ್ಕಳ ಊಟ, ಜ್ವರ, ಜಗಳ ಎಲ್ಲ ಅವರ ಬಾಗಿಲಿಗೇ ಬರುತ್ತದೆ, ಟಿವಿ ಬೇಕಾಗುವುದಿಲ್ಲ.

ಈ ನಿಯಮ ಯಾರ ಮೇಲೆ ಬೀಳಬಾರದು ಅನ್ನುವುದೂ ಮುಖ್ಯ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಕಿರಿಯ ಪ್ರಾಥಮಿಕಕ್ಕೆ ಬೇರೆಯೇ ಒಬ್ಬ ಮುಖ್ಯ ಶಿಕ್ಷಕರು ಅಂತ ಸಿಗುವುದು 150ಕ್ಕಿಂತ ಜಾಸ್ತಿ ಮಕ್ಕಳಿದ್ದರೆ. ಗುಡ್ಡದ ಮೇಲಿನ, ಹೊಳೆಯಾಚೆಯ ನಮ್ಮ ಸಣ್ಣ ಶಾಲೆಗಳಲ್ಲಿ ಅಷ್ಟು ಮಕ್ಕಳು ಎಲ್ಲಿದ್ದಾರೆ? ಅಲ್ಲಿನ ಮುಖ್ಯ ಶಿಕ್ಷಕಿ ಪಾಠ ಮಾಡುತ್ತಾರೆ, ಮೊಟ್ಟೆ ತರುತ್ತಾರೆ, ಹಾಲಿನ ಪುಡಿಯ ಲೆಕ್ಕ ಬರೆಯುತ್ತಾರೆ, ಪಾಠದ ನಡುವೆ ಎಸ್‌ಎಟಿಎಸ್‌ಗೆ (ಮಕ್ಕಳ ವಿವರ ದಾಖಲಿಸುವ ಸರಕಾರಿ ಆನ್‌ಲೈನ್ ವ್ಯವಸ್ಥೆ) ಮಾಹಿತಿ ತುಂಬುತ್ತಾರೆ. ಅವರಿಗೆ ಹೋಗಿ "ಶಾಲಾ ಬದುಕಿನಲ್ಲಿ ತೊಡಗಿಕೊಳ್ಳಿ" ಅಂತ ಸುತ್ತೋಲೆ ಕಳಿಸಿದರೆ ಅದು ತಮಾಷೆ. ಅವರಿಗೆ ಬೇಕಾದದ್ದು ಉಲ್ಟಾ, ಕಡತದಿಂದ ಬಿಡುಗಡೆ. ಬ್ಲಾಕಿನ ಶಿಕ್ಷಣಾಧಿಕಾರಿ, ಅಂದರೆ ಬಿಇಒ, ಒಂದು ದಿನ ಅವರ ಕ್ಲಾಸು ತೆಗೆದುಕೊಳ್ಳಲಿ, ಅವರು ಆರಾಮಾಗಿ ಕೂತು ಫಾರಂ ತುಂಬಲಿ. ಆಗ ಆ ಫಾರಂನಲ್ಲಿ ಎಷ್ಟು ಕಾಲಂ ಬೇಡದ್ದು ಅಂತ ಬಿಇಒಗೇ ಗೊತ್ತಾಗುತ್ತದೆ.

ಪುರುಸೊತ್ತೆಲ್ಲಿ ಅಂತ ನನ್ನ ಹಳೆಯ ಸಹೋದ್ಯೋಗಿಗಳು ಕೇಳುತ್ತಾರೆ. ನಿಜ, ವಿಡಿಯೊ ಮೀಟಿಂಗು, ಕೋರ್ಟು ಕೇಸು, ವರ್ಗಾವಣೆ, ಮಳೆ ರಜೆಯ ಗದ್ದಲ, ಆಮೇಲೆ ಆ ರಜೆ ತುಂಬಿಸುವ ಶನಿವಾರದ ಲೆಕ್ಕ. ಬ್ಲಾಕಿನ ಎಲ್ಲ ಶಾಲೆಗೂ ಹೋಗಿ ಅಂತ ನಾನು ಹೇಳುತ್ತಿಲ್ಲ. ಒಂದೇ ಶಾಲೆ, ಇಡೀ ವರ್ಷ, ಹದಿನೈದು ದಿನಕ್ಕೆ ಅರ್ಧ ದಿನ. ಹತ್ತು ಶಾಲೆಗೆ ಒಂದೊಂದು ಸಲ ಹೋದರೆ ಹತ್ತು ಕಡೆ ಬೊಂಡ ಕುಡಿದು ಬರುತ್ತೀರಿ. ಒಂದೇ ಕಡೆ ಹತ್ತು ಸಲ ಹೋದರೆ ಮೂರನೇ ಸಲಕ್ಕೆ ಕೆಲಸ ಹಚ್ಚುತ್ತಾರೆ. ಫೋಟೊ ತೆಗೆದು ಗ್ರೂಪಿಗೆ ಹಾಕುವುದು ಬೇಡ. ವರದಿಯೂ ಬೇಡ. ವರದಿ ಬಂತು ಅಂದರೆ ಫಿನಾಯಿಲ್ ವಾಸನೆಯೂ ಬಂತು ಅಂತಲೇ ಲೆಕ್ಕ. ಕಿಸೆಯಲ್ಲಿ ಒಂದು ಸಣ್ಣ ಪುಸ್ತಕ ಸಾಕು.

ನನ್ನ ಪುಸ್ತಕ ಇನ್ನೂ ಇದೆ. ಆ ವರ್ಷದ ಆಗಸ್ಟಿನ ಒಂದು ಪುಟದಲ್ಲಿ ಹೀಗಿದೆ: "ಕೈ ತೊಳೆಯುವ ನಳ್ಳಿ ಎತ್ತರ. ಒಂದನೆಯವರಿಗೆ ಎಟಕುವುದಿಲ್ಲ. ದೊಡ್ಡವರು ಎತ್ತಿ ಹಿಡಿಯುತ್ತಾರೆ, ಅಂಗಿ ಒದ್ದೆ. ಹಿತ್ತಲಲ್ಲಿ ಕೆಂಪುಕಲ್ಲು ಬಿದ್ದಿದೆ, ಎರಡು ಕಲ್ಲು ಸಾಕು." ಕೆಳಗೆ ಬೇರೆ ಶಾಯಿಯಲ್ಲಿ, ಹದಿನೈದು ದಿನದ ನಂತರದ್ದು: "ಇಟ್ಟಾಯಿತು. ಒಂದು ಅಲುಗಾಡುತ್ತದೆ."