ಗೋಡೆ ಮೇಲೆ ಹರಿದಾಡುವ ಈ ಹುಳ ರೇಷ್ಮೆ ಸೀರೆ ತಿನ್ನುತ್ತಾ?

ಪ್ರಶ್ನೆ: ನಮ್ಮ ಮನೆ ಗೋಡೆ ಮೇಲೆ ಸಿಮೆಂಟ್ ಚೂರಿನಂಥದ್ದು ನಿಧಾನಕ್ಕೆ ಹರಿದಾಡುತ್ತದೆ. ಆಗಾಗ ಸಣ್ಣ ಪತಂಗಗಳೂ ಕಾಣುತ್ತವೆ. ಬೀರುವಿನಲ್ಲಿರುವ ರೇಷ್ಮೆ ಸೀರೆಗಳನ್ನು ಇವು ಹಾಳು ಮಾಡ್ತವಾ?

ಉತ್ತರ: ಆ ಚೂರಿನೊಳಗೆ ಇರುವುದೇ ಪತಂಗದ ಮರಿಹುಳ. ಟಾರ್ಚ್ ಹಿಡಿದು ಸ್ವಲ್ಪ ಹೊತ್ತು ಸುಮ್ನೆ ನೋಡಿ. ಚೂರಿನ ಒಂದು ತುದಿಯಿಂದ ಕಂದು ತಲೆ ಹೊರಬರುತ್ತದೆ. ಮುಂಗಾಲುಗಳಿಂದ ಗೋಡೆ ಹಿಡಿದು ಗೂಡನ್ನು ಎಳೆದುಕೊಳ್ಳುತ್ತದೆ. ಮುಟ್ಟಿದರೆ ಒಳಗೆ ಸೇರಿಕೊಂಡು, ಆಮೇಲೆ ಇನ್ನೊಂದು ತುದಿಯಿಂದ ಇಣುಕುವುದೂ ಉಂಟು! ಗೂಡು ಎರಡೂ ಕಡೆ ತೆರೆದಿರುತ್ತದೆ, ನಡುವೆ ಅಗಲ, ಒಳಗೇ ತಿರುಗಲು ಜಾಗ ಸಾಕು. ಕುಂಬಳಬೀಜದ ಆಕಾರ, ಉದ್ದ ಸುಮಾರು 1 ಸೆಂ.ಮೀ. ರೇಷ್ಮೆ ನೂಲಿಗೆ ಮರಳು, ಧೂಳು, ಕೂದಲು ಅಂಟಿಸಿ ಹುಳವೇ ಇದನ್ನು ಕಟ್ಟಿಕೊಂಡಿರುತ್ತದೆ.

ಇದರ ಊಟ ಹಳೇ ಜೇಡರ ಬಲೆ, ಸತ್ತ ಕೀಟ, ಉದುರಿದ ಕೂದಲು. ಉಣ್ಣೆ ಸಿಕ್ಕರೆ ಅದನ್ನೂ ತಿನ್ನುತ್ತದೆ. ಆದರೆ ಮುಚ್ಚಿದ ಬೀರುವಿನೊಳಗಿನ ಸೀರೆಗೆ ಹೆದರಬೇಕಾದ್ದು ಇದಕ್ಕಲ್ಲ, ಬಟ್ಟೆ ನುಸಿಗೆ.

ಇವೆರಡೂ ಒಂದೇ ಕುಟುಂಬದವು, ಹೆಸರು ಟಿನೀಡೇ. ಗೋಡೆ ಹುಳದ ಪತಂಗ ಬೂದು ಬಣ್ಣ, ರೆಕ್ಕೆ ಮೇಲೆ ಕಪ್ಪು ಚುಕ್ಕೆ. ಬಟ್ಟೆ ನುಸಿಯಲ್ಲಿ ಒಂದು ಜಾತಿ ಒಣಹುಲ್ಲಿನ ಬಣ್ಣದ್ದು, ಚುಕ್ಕೆ ಇಲ್ಲ, ತಲೆ ಮೇಲೆ ಕೆಂಗೂದಲು. ಇನ್ನೊಂದಕ್ಕೂ ಚುಕ್ಕೆ ಇರುತ್ತದೆ. ಅದಕ್ಕೇ ಪತಂಗ ನೋಡಿ ತೀರ್ಮಾನಿಸಬೇಡಿ, ಗೂಡು ನೋಡಿ ಅಂತೀನಿ. ಚುಕ್ಕೆಯ ಬಟ್ಟೆ ನುಸಿಯ ಗೂಡು ಕೊಳವೆಯಂತೆ ದುಂಡಗೆ, ಎಷ್ಟೋ ಸಲ ಅದು ತಿಂದ ಬಟ್ಟೆಯದೇ ಬಣ್ಣ. ಚುಕ್ಕೆ ಇಲ್ಲದ್ದು ಬಟ್ಟೆ ಮೇಲೇ ನೂಲಿನ ಸುರಂಗ ನೇಯುತ್ತದೆ.

ಟ್ಯೂಬ್‌ಲೈಟ್ ಸುತ್ತ ಹಾರುವವು ಸಾಮಾನ್ಯವಾಗಿ ಬಟ್ಟೆ ನುಸಿಗಳಲ್ಲ, ಅವಕ್ಕೆ ಕತ್ತಲೇ ಇಷ್ಟ. ಅಡುಗೆಮನೆಯಲ್ಲಿ ಅರ್ಧ ರೆಕ್ಕೆ ತಾಮ್ರದ ಬಣ್ಣ ಇರುವ ಪತಂಗ ಕಂಡರೆ ರವೆ, ಹಿಟ್ಟಿನ ಡಬ್ಬ ತೆಗೆದು ನೋಡಿ.

ಗೋಡೆ ಹುಳಕ್ಕೆ ಸ್ಪ್ರೇ ಹೊಡೆದು ಸುಸ್ತಾಗಬೇಡಿ. ಊಟ ಉಳಿದಿದ್ದರೆ ಮತ್ತೆ ಬರುತ್ತದೆ. ಮೂಲೆ, ಮಂಚದ ಕೆಳಗೆ, ಬೀರು ಹಿಂದೆ ಬಲೆ, ಧೂಳು ಗುಡಿಸಿ. ತೇವ ಜಾಸ್ತಿ ಇದ್ದರೆ ಗಾಳಿ ಆಡಲು ಬಿಡಿ. ಸೀರೆಗಳನ್ನು ಬೆವರಿನ ಕಲೆ ಇಲ್ಲದಂತೆ ಮಾಡಿಯೇ ಮಡಚಿಡಿ. ಆಗಾಗ ಹೊರತೆಗೆದು, ಬಿಡಿಸಿ, ಮಡಿಕೆಗಳೊಳಗೆ ನೋಡಿ. ನುಸಿ ಕೂರುವುದು ಅಲ್ಲೇ.