ಪಾಲಿಟನಲ್‌ನಲ್ಲಿ ಗಿಡ ಸೊಂಪು, ಕಾಯಿ ಮಾತ್ರ ಇಲ್ಲ: ಯಾಕೆ?

ಪ್ರಶ್ನೆ: ಮನೆ ಹಿಂದೆ ತರಕಾರಿಗೆ ಅಂತ ಒಂದು ಸಣ್ಣ ಪಾಲಿಟನಲ್ (ಪೈಪಿನ ಕಮಾನುಗಳ ಮೇಲೆ ಪಾಲಿಥೀನ್ ಹಾಳೆ ಹೊದಿಸಿದ ಗಿಡದ ಮನೆ) ಹಾಕಬೇಕು ಅಂದುಕೊಂಡಿದ್ದೇನೆ. ಆದರೆ ಈಗಾಗಲೇ ಹಾಕಿದ ಕೆಲವರು, ಗಿಡ ಎದೆಯೆತ್ತರ ಬರುತ್ತೆ, ಹೂವೂ ಬಿಡುತ್ತೆ, ಕಾಯಿ ಮಾತ್ರ ನಿಲ್ಲಲ್ಲ ಅಂತಾರೆ. ಹಾಗಾಗಬಾರದು ಅಂದ್ರೆ ಎಂಥದ್ದನ್ನು ಆರಿಸಬೇಕು?

ಉತ್ತರ: ಅವರು ಹೇಳುವುದು ನಿಜ. ಬಹಳ ಸಲ ತಪ್ಪು ಗಿಡದ್ದಲ್ಲ, ಬೀಜದ್ದೂ ಅಲ್ಲ. ಗಾಳಿಯದ್ದು. ಟನಲ್ ಕೊಳ್ಳುವಾಗ ಹಾಳೆ ಎಷ್ಟು ದಪ್ಪ, ಪೈಪು ಎಷ್ಟು ಗಟ್ಟಿ ಅಂತ ವಿಚಾರಿಸುತ್ತೇವೆ. ಗಾಳಿ ಎಲ್ಲಿಂದ ಬಂದು ಎಲ್ಲಿಂದ ಹೋಗುತ್ತದೆ ಅಂತ ಕೇಳುವುದೇ ಇಲ್ಲ. ನಾನಾದರೆ ಅದನ್ನೇ ಮೊದಲು ಕೇಳುತ್ತೇನೆ.

ನನ್ನ ಮೊದಲ ಟನಲ್‌ಗೆ ಒಂದೇ ಬಾಗಿಲಿತ್ತು. ಒಂದು ದಿನ ಬೆಳಿಗ್ಗೆ ಚಳಿ ಇದೆ ಅಂತ ಅದನ್ನು ಮುಚ್ಚಿಟ್ಟು ಕೆಲಸಕ್ಕೆ ಹೋದೆ. ಮಧ್ಯಾಹ್ನ ಬಂದು ನೋಡಿದರೆ ಟ್ರೇಯಲ್ಲಿದ್ದ ಸೌತೆ ಸಸಿಗಳೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಮಲಗಿದ್ದವು. ನೀರು ಹಾಕಿದೆ. ಒಂದೂ ಏಳಲಿಲ್ಲ. ಹೊರಗೆ ಹೇಳಿಕೊಳ್ಳುವಂಥ ಬಿಸಿಲೇನೂ ಇರಲಿಲ್ಲ.

ಅಷ್ಟು ಬಿಸಿ ಬರುವುದು ಎಲ್ಲಿಂದ? ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ 1909ರಲ್ಲಿ ಎರಡು ಪೆಟ್ಟಿಗೆ ಮಾಡಿ ಬಿಸಿಲಿಗಿಟ್ಟು ನೋಡಿದರು. ಒಂದರ ಮುಚ್ಚಳ ಗಾಜಿನದ್ದು. ಅದು ಶಾಖದ ಕಿರಣಗಳನ್ನು ಹೊರಗೆ ಬಿಡುವುದಿಲ್ಲ. ಇನ್ನೊಂದರದ್ದು ಕಲ್ಲುಪ್ಪಿನ ಹಲಗೆ. ಅದು ಬಿಡುತ್ತದೆ. ಆದರೂ ಎರಡೂ ಪೆಟ್ಟಿಗೆ ಹೆಚ್ಚು ಕಡಿಮೆ ಒಂದೇ ಮಟ್ಟಕ್ಕೆ ಕಾದವು. ಅಂದರೆ ಬಿಸಿಗೆ ಮುಖ್ಯ ಕಾರಣ ಒಳಗೆ ಸಿಕ್ಕಿಕೊಂಡ ಗಾಳಿ. ಕಾದ ಗಾಳಿ ಮೇಲೇಳುತ್ತದೆ, ಹೊರಗೆ ಹೋಗಲು ದಾರಿ ಸಿಗದೆ ಅಲ್ಲೇ ಉಳಿಯುತ್ತದೆ. ನಮಗೆ ಇದು ಒಳ್ಳೆಯ ಸುದ್ದಿ. ದಾರಿ ಕೊಟ್ಟರೆ ಬಿಸಿ ಇಳಿಯುತ್ತದೆ.

ಈಗ ಹೂವಿನ ವಿಷಯ. ಟೊಮೆಟೊ ಗಿಡದ ಎಲೆಗೆ 35 ಡಿಗ್ರಿ ಸೆಲ್ಸಿಯಸ್ ದೊಡ್ಡ ಕಷ್ಟವಲ್ಲ. ಪರಾಗಕ್ಕೆ ಕಷ್ಟ. ಹಗಲಲ್ಲಿ 32 ದಾಟುತ್ತಿದ್ದ ಹಾಗೆ ಅದರ ಶಕ್ತಿ ಕುಗ್ಗುತ್ತಾ ಬರುತ್ತದೆ. 35ರ ಮೇಲೆ ದಿನಾ ಹೋದರೆ ಹೂವು ತೊಟ್ಟಿನಲ್ಲೇ ಉದುರುತ್ತದೆ. ರಾತ್ರಿ 13ಕ್ಕಿಂತ ಕೆಳಗಿಳಿದರೂ ಇದೇ ಕಥೆ, 24ಕ್ಕಿಂತ ಮೇಲಿದ್ದರೂ ಇದೇ. ಆದ್ದರಿಂದಲೇ ಗಿಡ ನೋಡಲು ಸೊಂಪಾಗಿರುತ್ತದೆ, ಕಾಯಿ ಇರುವುದಿಲ್ಲ. ಕಾಯಿ ಕಟ್ಟಿದರೂ ಹಣ್ಣಾಗುವಾಗ 30ರ ಮೇಲೆಯೇ ಇದ್ದರೆ ಕೆಂಪು ಬಣ್ಣ ಸರಿಯಾಗಿ ಏರುವುದಿಲ್ಲ, ಕಿತ್ತಳೆ ಬಣ್ಣದಲ್ಲೇ ನಿಂತುಬಿಡುತ್ತದೆ. ದಿನದ ಅತಿ ಹೆಚ್ಚು ಮತ್ತು ಅತಿ ಕಡಿಮೆ ಬಿಸಿ ತೋರಿಸುವ ಒಂದು ಥರ್ಮಾಮೀಟರ್ ತನ್ನಿ. ಅದನ್ನು ಗಿಡದ ಎತ್ತರದಲ್ಲಿ, ನೇರ ಬಿಸಿಲು ಬೀಳದ ಹಾಗೆ ತೂಗುಹಾಕಿ. ಟನಲ್‌ಗೆ ಬೇಕಾದ ಸಾಮಾನುಗಳಲ್ಲಿ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ.

ಕೊಳ್ಳುವ ಮುಂಚೆ ಒಂದು ಮಾತು. ನಿಮ್ಮಲ್ಲಿ ತೊಂದರೆ ಬಿಸಿಲೊಂದೇ ಆದರೆ ಪಾಲಿಟನಲ್ ಬೇಡ, ನೆರಳು ಬಲೆ ಸಾಕು. ತೊಂದರೆ ಜೋರು ಮಳೆಯಾದರೆ ಮೇಲೆ ಮಾತ್ರ ಹಾಳೆ ಹಾಕಿ ನಾಲ್ಕೂ ಬದಿ ತೆರೆದಿಟ್ಟ ಚಪ್ಪರ ಸಾಕು. ಗಿಡಕ್ಕೆ ಕೊಡೆ ಹಿಡಿದ ಹಾಗೆ. ಬದಿಯೆಲ್ಲ ಮುಚ್ಚುವ ಟನಲ್ ಬೇಕಾಗುವುದು ಚಳಿಗಾಲದಲ್ಲೂ ಬೆಳೆ ತೆಗೆಯಬೇಕು ಅನ್ನುವವರಿಗೆ, ಸಸಿಗಳನ್ನು ಬೇಗ ಎಬ್ಬಿಸಬೇಕು ಅನ್ನುವವರಿಗೆ. ಇದನ್ನು ಮೊದಲೇ ಯೋಚಿಸಿದರೆ ಎಷ್ಟೋ ದುಡ್ಡು ಉಳಿಯುತ್ತದೆ.

ಟನಲ್ಲೇ ಬೇಕು ಅಂದ್ರೆ ಅಳತೆಯಿಂದ ಶುರು ಮಾಡೋಣ. 3 ಮೀಟರ್ ಅಗಲ, 6 ಮೀಟರ್ ಉದ್ದ ಒಂದು ಮನೆಗೆ ಒಳ್ಳೆಯ ಅಳತೆ. ಆದರೆ ಕಮಾನಿನ ಆಕಾರ ನೋಡಿಕೊಳ್ಳಿ. 3 ಮೀಟರ್ ಅಗಲದ ಪೂರ್ತಿ ಅರ್ಧವೃತ್ತ ಆದರೆ ನಡುವಿನ ಎತ್ತರ ಒಂದೂವರೆ ಮೀಟರ್ ಮಾತ್ರ. ನೀವು ಬಗ್ಗಿಯೇ ಓಡಾಡಬೇಕು, ಕಾದ ಗಾಳಿ ಗಿಡದ ತಲೆಯ ಮೇಲೇ ಕೂತಿರುತ್ತದೆ. ಎರಡೂ ಬದಿಗೆ 75 ಸೆಂಟಿಮೀಟರ್ ನೆಟ್ಟಗಿನ ಕಾಲು ಇದ್ದು, ಅದರ ಮೇಲೆ ಕಮಾನು ಕೂತಿದ್ದರೆ ಎತ್ತರ 2.25 ಮೀಟರ್ ಆಗುತ್ತದೆ. ಬಿಸಿ ಗಾಳಿ ಮೇಲೆ ಸೇರಿಕೊಳ್ಳಲು ಜಾಗ ಸಿಗುತ್ತದೆ. ಅಗಲ ಒಂದೇ ಆದರೂ ಎತ್ತರ ಜಾಸ್ತಿ ಇರುವುದನ್ನೇ ಆರಿಸಿ.

ಒಳಗೆ ನಡುವೆ ಒಂದೇ ದಾರಿ ಬಿಡುವುದು ರೂಢಿ. ನನಗೆ ಅದು ಸರಿಬರಲಿಲ್ಲ. ಆಚೆ ಅಂಚಿನ ಗಿಡಕ್ಕೆ ಕೈ ಎಟಕುವುದಿಲ್ಲ. ಎರಡು ಬದಿಗೆ 60 ಸೆಂಟಿಮೀಟರಿನ ಮಡಿ, ನಡುವೆ 1 ಮೀಟರಿನ ಮಡಿ, ಮಧ್ಯೆ 40 ಸೆಂಟಿಮೀಟರಿನ ಎರಡು ದಾರಿ ಮಾಡಿ. ಲೆಕ್ಕ ಸರಿಯಾಗಿ 3 ಮೀಟರ್. ಬಳ್ಳಿ, ಟೊಮೆಟೊ ನಡುವಿನ ಮಡಿಗೆ. ಸೊಪ್ಪು, ಮೂಲಂಗಿ ಬದಿಗೆ.

ಈಗ ಗಾಳಿಯ ಲೆಕ್ಕ. ನೆಲದ ವಿಸ್ತಾರದ ಐದನೇ ಒಂದು ಪಾಲಾದರೂ ತೆರೆಯುವಂತಿರಬೇಕು. ನಮ್ಮ ಟನಲ್‌ನ ನೆಲ 18 ಚದರ ಮೀಟರ್. ಹಾಗಾದರೆ 3.6 ಚದರ ಮೀಟರ್ ಬಾಯಿ ಬೇಕು. ಎರಡು ತುದಿಗೆ 1 ಮೀಟರ್ ಅಗಲ, 2 ಮೀಟರ್ ಎತ್ತರದ ಬಾಗಿಲಿಟ್ಟರೆ 4 ಚದರ ಮೀಟರ್ ಸಿಗುತ್ತದೆ. ತಂಪು ಜಾಗಕ್ಕೆ ಸಾಕು. ಬಿಸಿ ಜಾಗಕ್ಕೆ ಸಾಲದು. ಅಲ್ಲಿ ಎರಡೂ ಉದ್ದದ ಬದಿಗೆ, ಸುತ್ತಿ ಮೇಲೆತ್ತುವ ಪರದೆ ಬೇಕೇ ಬೇಕು. 60 ಸೆಂಟಿಮೀಟರ್ ಎತ್ತಿದರೂ ಎರಡು ಬದಿ ಸೇರಿ 7.2 ಚದರ ಮೀಟರ್ ಹೆಚ್ಚುವರಿ ಬಾಯಿ ತೆರೆದ ಹಾಗಾಯಿತು. ಮಾರುವವರು ಬದಿ ಪರದೆಗೆ ಬೇರೆ ದುಡ್ಡು ಕೇಳಬಹುದು. ಉಳಿತಾಯ ಮಾಡಬೇಕಾದರೆ ಉದ್ದದಲ್ಲಿ ಮಾಡಿ, ಇದರಲ್ಲಿ ಬೇಡ. ಬಿಳಿ ನೊಣ ತಡೆಯಲು ಬಾಯಿಗೆ ಬಲೆ ಕಟ್ಟುವುದಾದರೆ ಇನ್ನೊಂದು ಗಮನಿಸಿ. ಅದಕ್ಕೆ 40ರಿಂದ 50 ಮೆಷ್‌ನ, ಅಂದರೆ ಒಂದು ಇಂಚಿನಲ್ಲಿ ಅಷ್ಟು ಕಣ್ಣುಗಳಿರುವ, ಸಣ್ಣ ಕಣ್ಣಿನ ಬಲೆ ಬೇಕು, ಅದು ಗಾಳಿಯನ್ನೂ ಸಾಕಷ್ಟು ತಡೆಯುತ್ತದೆ. ಬಲೆ ಕಟ್ಟಿದರೆ ಬಾಯಿ ಇನ್ನೂ ದೊಡ್ಡದಿರಲಿ. ನೆರಳು ಬಲೆ ಹಾಕುವುದಾದರೆ ಹಾಳೆಯ ಹೊರಗೆ, ಸ್ವಲ್ಪ ಅಂತರ ಬಿಟ್ಟು ಹಾಕಿ. ಒಳಗೆ ಕಟ್ಟಿದರೆ ಬಲೆಯೇ ಕಾದು ಆ ಬಿಸಿ ಒಳಗೇ ಉಳಿಯುತ್ತದೆ.

ಹಾಳೆಯ ಬಗ್ಗೆ ಹೇಳುವುದು ಸ್ವಲ್ಪವೇ. 200 ಮೈಕ್ರಾನ್ ದಪ್ಪ, ಅಂದರೆ 0.2 ಮಿಲಿಮೀಟರ್, ಬಿಸಿಲಿನ ಯುವಿ (ನೇರಳಾತೀತ) ಕಿರಣಗಳನ್ನು ತಡೆದುಕೊಳ್ಳುವಂಥದ್ದು. ಅದು 3ರಿಂದ 5 ವರ್ಷ ಬಾಳುತ್ತದೆ. ಮಾಮೂಲಿ ಪ್ಲಾಸ್ಟಿಕ್ ಹಾಳೆ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಪುಡಿಪುಡಿಯಾಗುತ್ತದೆ. ಫಳಫಳ ಹೊಳೆಯುವ ಹಾಳೆಗಿಂತ ತುಸು ಹಾಲು ಬಣ್ಣದ್ದು ಮೇಲು. ಅದು ಬೆಳಕನ್ನು ಹರಡುವುದರಿಂದ ಕೆಳಗಿನ ಎಲೆಗೂ ಪಾಲು ಸಿಗುತ್ತದೆ. ಹಾಳೆ ಮೊದಲು ಹರಿಯುವುದು ಪೈಪು ತಾಗುವ ಜಾಗದಲ್ಲಿ, ಯಾಕೆಂದರೆ ಪೈಪು ಕಾಯುತ್ತದೆ. ಆ ಜಾಗಕ್ಕೆ ಫೋಮ್ ಟೇಪ್ ಅಂಟಿಸಿ. ಗಂಧಕದ ಪುಡಿ ಸಿಂಪಡಿಸಿದರೂ ಹಾಳೆಯ ಆಯಸ್ಸು ಕಡಿಮೆಯಾಗುತ್ತದೆ. ಹಾಳೆ ಹೊದಿಸಲು ಗಾಳಿಯಿಲ್ಲದ, ಬೆಚ್ಚಗಿನ ದಿನ ಆರಿಸಿ. ಬೆಚ್ಚಗಿರುವಾಗ ಅದು ಹಿಗ್ಗಿರುತ್ತದೆ, ಆಗ ಎಳೆದು ಕಟ್ಟಿದರೆ ಆಮೇಲೆ ಬಿಗಿಯಾಗಿ ಕೂರುತ್ತದೆ. ಸಡಿಲವಾಗಿ ಪಟಪಟ ಬಡಿಯುವ ಹಾಳೆ ಮೊದಲ ಬಿರುಗಾಳಿಗೇ ಹೋಗುತ್ತದೆ. ಕಮಾನಿನ ಬುಡವನ್ನು ನೆಲಕ್ಕೆ 60 ಸೆಂಟಿಮೀಟರಾದರೂ ಇಳಿಸಿ.

ಗಾಳಿ ಸರಿಯಾಯಿತು, ಥರ್ಮಾಮೀಟರ್ 30 ತೋರಿಸುತ್ತಿದೆ, ಆದರೂ ಕಾಯಿ ಇಲ್ಲ ಅಂದ್ರೆ ಎರಡು ಕಡೆ ನೋಡಿ.

ಒಂದು, ಪರಾಗ. ಟೊಮೆಟೊ, ಮೆಣಸಿನಕಾಯಿ, ಬದನೆಗೆ ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇರುತ್ತವೆ. ಬಯಲಿನಲ್ಲಿ ಗಾಳಿ ಅಲುಗಾಡಿಸಿ ಪರಾಗ ಉದುರಿಸುತ್ತದೆ. ಟನಲ್ ಒಳಗೆ ಅಲುಗಾಡಿಸುವವರು ಯಾರು? ನೀವೇ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಗಿಡ ಕಟ್ಟಿದ ಕೋಲನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಎರಡು ದಿನಕ್ಕೊಮ್ಮೆ ಸಾಕು. ಒಳಗೆ ತೇವ ಜಾಸ್ತಿ ಇದ್ದರೆ ಪರಾಗ ಮುದ್ದೆ ಕಟ್ಟಿ ಉದುರುವುದೇ ಇಲ್ಲ. ಅದಕ್ಕೇ ನೀರು ಸಂಜೆ ಬೇಡ, ಬೆಳಿಗ್ಗೆ ಕೊಡಿ. ಎಲೆಯ ಮೇಲೆ ಸುರಿಯಬೇಡಿ, ಬುಡಕ್ಕೆ ಡ್ರಿಪ್‌ನಲ್ಲಿ ಕೊಡಿ. ಎಲೆ ಕೊಳೆ ಕೂಡ ಇದರಿಂದ ಎಷ್ಟೋ ಕಡಿಮೆಯಾಗುತ್ತದೆ.

ಕುಂಬಳ, ಸೋರೆ, ಹೀರೆಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಹಿಂದೆ ಪುಟ್ಟ ಹೀಚು ಇರುತ್ತದೆ, ಗಂಡು ಹೂವಿಗೆ ಬರೀ ತೊಟ್ಟು. ಒಳಗೆ ಜೇನು ಬಾರದಿದ್ದರೆ ಗಂಡು ಹೂ ಕಿತ್ತು, ಎಸಳು ತೆಗೆದು, ಹೆಣ್ಣು ಹೂವಿನ ನಡುವೆ ಮುಟ್ಟಿಸಬೇಕು. ಕುಂಬಳದ ಹೂ ಅರಳುವುದು ಬೆಳಿಗ್ಗೆ ಬೇಗ. ಸೋರೆ, ಹೀರೆ ಅರಳುವುದು ಸಂಜೆ. ಇದು ಗೊತ್ತಿಲ್ಲದೆ ಬೆಳಿಗ್ಗೆ ಹೋಗಿ ಬಾಡಿದ ಸೋರೆ ಹೂ ನೋಡಿ ಬೇಜಾರು ಮಾಡಿಕೊಳ್ಳುವವರು ಎಷ್ಟು ಜನ! ಸೌತೆಗೆ ಮಾತ್ರ ಸುಲಭದ ದಾರಿ ಇದೆ. ಪರಾಗವಿಲ್ಲದೆಯೇ ಕಾಯಿ ಕಟ್ಟುವ ತಳಿಗಳಿವೆ. ಬೀಜ ಕೊಳ್ಳುವಾಗ ಕೇಳಿ ತಗೊಳ್ಳಿ.

ಎರಡು, ಗೊಬ್ಬರ. ಎಲೆ ಕಡು ಹಸಿರು, ಕಾಂಡ ಹೆಬ್ಬೆರಳಿಗಿಂತ ದಪ್ಪ, ಹೂವು ಕಡಿಮೆ ಅಂದ್ರೆ ಸಾರಜನಕ ಜಾಸ್ತಿಯಾಗಿದೆ. ಪಾಪ ಅಂತ ಇನ್ನಷ್ಟು ಗೊಬ್ಬರ ಹಾಕಬೇಡಿ. ಸುಮ್ನೆ ಕೆಲವು ವಾರ ಬಿಟ್ಟುಬಿಡಿ. ಇನ್ನೊಂದು ವಿಷಯ, ಒಳಗಿನ ಮಣ್ಣಿಗೆ ಮಳೆ ಬೀಳುವುದಿಲ್ಲ ಅಲ್ವಾ? ಹಾಕಿದ ಗೊಬ್ಬರದ ಉಪ್ಪು ಕೆಳಗಿಳಿಯದೆ ಮೇಲೇ ಕೂರುತ್ತದೆ. ಮಣ್ಣಿನ ಮೇಲೆ ಬಿಳಿ ಪುಡಿಯಂತೆ ಕಂಡರೆ ಅದೇ. ಬೆಳೆ ತೆಗೆದ ಮೇಲೆ ವರ್ಷಕ್ಕೊಮ್ಮೆ ಮಡಿಗೆ ನೀರು ಹರಿಯಬಿಟ್ಟು ಚೆನ್ನಾಗಿ ನೆನೆಸಿ. ನೀರಿಗೆ ಬೇರೆಲ್ಲೂ ಹೋಗಬೇಕಿಲ್ಲ. 10 ಮಿಲಿಮೀಟರ್ ಮಳೆ ಬಂದರೆ ನಿಮ್ಮ ಟನಲ್ ಹಾಳೆಯಿಂದ 180 ಲೀಟರ್ ಇಳಿಯುತ್ತದೆ. ಅದನ್ನು ಡ್ರಮ್ಮಿಗೆ ತಿರುಗಿಸಿಕೊಳ್ಳಿ.

ಚಳಿ ಜಾಗದವರಿಗೆ ಒಂದು ಎಚ್ಚರಿಕೆ. ಪಾಲಿಥೀನ್ ಕೂಡ ವುಡ್ ಅವರ ಕಲ್ಲುಪ್ಪಿನ ಹಲಗೆಯ ಹಾಗೆ ಶಾಖದ ಕಿರಣಗಳನ್ನು ಹೊರಗೆ ಬಿಡುತ್ತದೆ. ಹಗಲು ಎಷ್ಟೇ ಕಾದರೂ, ಮೋಡವಿಲ್ಲದ ರಾತ್ರಿ ಒಳಗೂ ಹೊರಗೂ ಹೆಚ್ಚು ವ್ಯತ್ಯಾಸ ಉಳಿಯುವುದಿಲ್ಲ. ಟನಲ್ ಇದೆ ಅಂತ ನಂಬಿ ಎಳೆ ಸಸಿ ಬಿಡಬೇಡಿ. ಮೇಲೆ ತೆಳು ಬಟ್ಟೆ ಹೊದಿಸಿ, ಬೆಳಿಗ್ಗೆ ತೆಗೆಯಿರಿ.

ನಿಮ್ಮ ಹಾಗೆ ಕೇಳುವವರಿಗಿಂತ ಮೊದಲೇ ಹಾಕಿಬಿಟ್ಟು ಬೇಸರದಲ್ಲಿರುವವರೇ ಜಾಸ್ತಿ. ಅವರಿಗೂ ಇದನ್ನು ತಿಳಿಸಿ: ಕಿತ್ತು ಹಾಕಬೇಕಿಲ್ಲ. ನಾನು ಮಾಡಿದ್ದು ಇಷ್ಟೇ. ಬಾಗಿಲಿನ ಎದುರು ಗೋಡೆಯ ಹಾಳೆಯನ್ನು ಮೇಲಿನಿಂದ ಕೆಳಗಿನ ತನಕ ಬಾಗಿಲಿನಷ್ಟೇ ಅಗಲ ಕತ್ತರಿಸಿದೆ. ಹರಿಯದ ಹಾಗೆ ಅಂಚಿಗೆ ಮರದ ಪಟ್ಟಿ ಹೊಡೆದು, ಬಲೆ ಕಟ್ಟಿದೆ. ಅರ್ಧ ದಿನದ ಕೆಲಸ. ಮರುದಿನ ಮಧ್ಯಾಹ್ನ ಒಳಗೆ ನಿಂತಾಗ ಮುಖಕ್ಕೆ ಗಾಳಿ ತಾಗಿತು. ಆಮೇಲೆ ಅರಳಿದ ಗೊಂಚಲಿನಲ್ಲಿ ಬಟಾಣಿ ಗಾತ್ರದ ಹಸಿರು ಕಾಯಿಗಳು ನಿಂತವು.