ರೂಪಕ ಬಂತು ಅಂದರೆ ಅದು ಪೇಥೋಸ್ ತಾನೇ?

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಮಗಳು ಏಳನೇ ಗ್ರೇಡ್. ಮುಂದಿನ ವಾರ ಇಂಗ್ಲಿಷ್ ಟೆಸ್ಟ್ ಇದೆ. ಸಿಮಿಲಿ (ಉಪಮೆ), ಮೆಟಫರ್ (ರೂಪಕ) ಕಂಡರೆ ಥಟ್ಟನೆ ಗುರುತಿಸುತ್ತಾಳೆ. ಈಥೋಸ್, ಪೇಥೋಸ್, ಲೋಗೋಸ್ ಅರ್ಥವೂ ಬಾಯಿಪಾಠ ಆಗಿದೆ. ಆದರೆ ಒಂದು ಭಾಷಣ ಕೊಟ್ಟು ಇಲ್ಲಿ ಯಾವ ಅಪೀಲ್ ಇದೆ ಎಂದು ಕೇಳಿದರೆ, ಅಲಂಕಾರ ಇರುವಲ್ಲೆಲ್ಲ ಪೇಥೋಸ್ ಎಂದು ಬರೆದುಬಿಡುತ್ತಾಳೆ. ಹೇಗೆ ಹೇಳಿಕೊಡುವುದು?

ಉತ್ತರ: ಈ ಗೊಂದಲ ತುಂಬಾ ಮಕ್ಕಳಿಗೆ ಇರುತ್ತದೆ. ಅಲಂಕಾರ ಎಂದರೆ ಮಾತನ್ನು ಕಟ್ಟಿದ ರೀತಿ. ಅಪೀಲ್ ಎಂದರೆ ಆ ಮಾತು ಕೇಳುವವರನ್ನು ಯಾವ ದಾರಿಯಲ್ಲಿ ಒಪ್ಪಿಸುತ್ತದೆ ಎನ್ನುವುದು. ಒಂದೇ ರೂಪಕ ಮೂರರಲ್ಲಿ ಯಾವ ದಾರಿಯನ್ನಾದರೂ ಹಿಡಿಯಬಹುದು. ಅಲಂಕಾರದ ಹೆಸರು ಗೊತ್ತಾದ ಮಾತ್ರಕ್ಕೆ ಅಪೀಲ್ ಗೊತ್ತಾಗುವುದಿಲ್ಲ.

ಆ ಮೂರು ದಾರಿಗಳನ್ನು ಕ್ರಿಸ್ತಪೂರ್ವ 4ನೇ ಶತಮಾನದಲ್ಲೇ ಅರಿಸ್ಟಾಟಲ್ ವಿಂಗಡಿಸಿದ್ದ. ಹೇಳುವವರ ಮೇಲೆ ನಂಬಿಕೆ ಹುಟ್ಟಿಸಿದರೆ ಈಥೋಸ್, ಮನಸ್ಸು ಕಲಕಿದರೆ ಪೇಥೋಸ್, ಕಾರಣ ಮತ್ತು ಪುರಾವೆ ಕೊಟ್ಟು ಒಪ್ಪಿಸಿದರೆ ಲೋಗೋಸ್. ಇಷ್ಟು ಮಗಳಿಗೆ ಬರುತ್ತದೆ. ಇದನ್ನೇ ಮತ್ತೆ ಮತ್ತೆ ಉರು ಹೊಡೆಸಬೇಡಿ. ಒಂದು ಒಳ್ಳೆಯ ಭಾಷಣ ಹಿಡಿದು ಕೂರಿಸಿ.

ಮಾರ್ಟಿನ್ ಲೂಥರ್ ಕಿಂಗ್ 1963ರ ಆಗಸ್ಟ್ 28ರಂದು ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದ ಮುಂದೆ ಸುಮಾರು ಎರಡೂವರೆ ಲಕ್ಷ ಜನರೆದುರು ಮಾಡಿದ ಭಾಷಣ ಇದಕ್ಕೆ ಹೇಳಿ ಮಾಡಿಸಿದಂತಿದೆ. ಎಲ್ಲರಿಗೂ ನೆನಪಿರುವುದು ಕೊನೆಯ ಕನಸಿನ ಭಾಗ. ನನ್ನ ಕೇಳಿದರೆ, ಕಲಿಯುವುದಕ್ಕೆ ಮೊದಲ ಭಾಗದ ಚೆಕ್ಕಿನ ಮಾತೇ ಜಾಸ್ತಿ ಉಪಯೋಗ. ಅಲ್ಲಿ ಕಿಂಗ್ ಹೇಳುವುದರ ಸಾರ ಇಷ್ಟು: ಈ ದೇಶ ಕಟ್ಟಿದವರು ಸಂವಿಧಾನ ಮತ್ತು ಸ್ವಾತಂತ್ರ್ಯ ಘೋಷಣೆ ಬರೆದಾಗ ಒಂದು ಸಾಲಪತ್ರಕ್ಕೆ ಸಹಿ ಹಾಕಿದರು. ಪ್ರತಿ ಅಮೆರಿಕನ್ನನೂ ಅದಕ್ಕೆ ವಾರಸುದಾರ. ಆದರೆ ಕಪ್ಪು ಜನರಿಗೆ ಸಿಕ್ಕಿದ್ದು ಖಾತೆಯಲ್ಲಿ ಹಣವಿಲ್ಲ ಎಂದು ವಾಪಸ್ ಬಂದ ಚೆಕ್. ನ್ಯಾಯದ ಬ್ಯಾಂಕು ದಿವಾಳಿಯಾಗಿದೆ ಎಂದು ನಂಬಲು ನಾವು ತಯಾರಿಲ್ಲ.

ಮೊದಲು ಚೆಕ್ ಬೌನ್ಸ್ ಆಗುವುದು ಎಂದರೇನು ಎಂದು ಮಗಳನ್ನು ಕೇಳಿ. ಫೋನಿನಲ್ಲೇ ದುಡ್ಡು ಕಳಿಸುವುದನ್ನು ನೋಡಿ ಬೆಳೆದ ಮಕ್ಕಳಿಗೆ ಅದು ಗೊತ್ತಿರದೆ ಇರಬಹುದು. ಗೊತ್ತಿಲ್ಲದಿದ್ದರೆ ಇಡೀ ರೂಪಕ ಕೈತಪ್ಪುತ್ತದೆ.

ಆಮೇಲೆ ನಮ್ಮ ಕನ್ನಡ ವ್ಯಾಕರಣದ ಪಾಠ ನೆನಪು ಮಾಡಿಕೊಳ್ಳಿ. ಉಪಮೇಯ, ಉಪಮಾನ, ಸಮಾನಧರ್ಮ ಎಂದು ಬಿಡಿಸುತ್ತಿದ್ದೆವಲ್ಲ, ಅದು ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಉಪಮೇಯ: ಎಲ್ಲರೂ ಸಮಾನರು ಎಂದು 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ಕೊಟ್ಟ ಮಾತು. ಉಪಮಾನ: ಸಾಲಪತ್ರ. ಎರಡಕ್ಕೂ ಸಮಾನವಾದದ್ದು ಏನು? ಎರಡೂ ಬರವಣಿಗೆಯಲ್ಲಿವೆ. ಎರಡಕ್ಕೂ ಸಹಿ ಬಿದ್ದಿದೆ. ಎರಡನ್ನೂ ತೀರಿಸಲೇಬೇಕು. ಚೆಕ್ ಹಿಡಿದು ಬ್ಯಾಂಕಿಗೆ ಹೋದವನು ಭಿಕ್ಷೆ ಬೇಡುವುದಿಲ್ಲ, ತನಗೆ ಬರಬೇಕಾದ್ದನ್ನು ಕೇಳುತ್ತಾನೆ. ಸಹಿ ಹಾಕಿದವರು ಕೊಡಬೇಕು, ನೀವು ಸಹಿ ಹಾಕಿದ್ದೀರಿ, ಹಾಗಾಗಿ ಕೊಡಿ. ಇದು ಅಚ್ಚುಕಟ್ಟಾದ ವಾದ, ಅಂದರೆ ಲೋಗೋಸ್. ವಾಪಸ್ ಬಂದ ಚೆಕ್ಕಿನ ಅವಮಾನವೂ ಅದರ ಜೊತೆಗಿದೆ, ಅದು ಪೇಥೋಸ್. ಆದರೆ ಭಾರ ಹೊತ್ತಿರುವುದು ವಾದವೇ.

ಅದೇ ಭಾಷಣದಲ್ಲಿ ಬಡತನವನ್ನು ಸಮೃದ್ಧಿಯ ಸಾಗರದ ನಡುವೆ ಒಂಟಿ ದ್ವೀಪ ಎಂದಿದ್ದಾರೆ. ಇಲ್ಲಿ ಸಮಾನಧರ್ಮ ಹುಡುಕಿದರೆ ಸಿಗುವುದು ಒಂಟಿತನ, ಸುತ್ತ ಎಲ್ಲ ಇದ್ದೂ ಕೈಗೆ ಎಟುಕದ ಸಂಕಟ. ಇದಕ್ಕೆ ಪೇಥೋಸ್ ಎಂದು ಬರೆದರೆ ಸರಿ.

ನ್ಯಾಯ ನೀರಿನಂತೆ ಹರಿದು ಬರುವ ತನಕ ನಮಗೆ ಸಮಾಧಾನವಿಲ್ಲ ಎಂಬ ಮಾತೂ ಇದೆ. ಅದು ಸಿಮಿಲಿ. ಮೂಲ ಬೈಬಲ್ಲಿನ ಆಮೋಸನ ಪುಸ್ತಕ. ಕಿಂಗ್ ಬ್ಯಾಪ್ಟಿಸ್ಟ್ ಪಾದ್ರಿ. ಬೈಬಲ್ ಬಲ್ಲವರಿಗೆ ಅದು ಕೇಳಿದೊಡನೆ ಗುರುತು ಸಿಗುವ ಮಾತು. ಮನಸ್ಸಿಗೂ ತಟ್ಟುತ್ತದೆ, ಮಾತಾಡುತ್ತಿರುವವರ ಮೇಲೆ ನಂಬಿಕೆಯನ್ನೂ ಗಟ್ಟಿ ಮಾಡುತ್ತದೆ. ಹಾಗಾಗಿ ಈಥೋಸ್ ಎಂದು ಬರೆದವರಿಗೂ ಒಳ್ಳೆಯ ಸಮರ್ಥನೆ ಇದೆ. ಇಂಥ ಬೈಬಲ್ ಮತ್ತು ಪುರಾಣದ ಉಲ್ಲೇಖಗಳನ್ನು ಅರ್ಥ ಮಾಡಿಕೊಳ್ಳುವುದು ಅಮೆರಿಕದ ಹಲವು ರಾಜ್ಯಗಳು ಬಳಸುವ ಕಾಮನ್ ಕೋರ್ ಎಂಬ ಕಲಿಕಾ ಮಾನದಂಡದ ಪ್ರಕಾರ ಏಳನೇ ಗ್ರೇಡಿನ ಪಾಠವೇ. ಟೆಕ್ಸಾಸ್‌ನಂಥ ಕೆಲವು ರಾಜ್ಯಗಳಿಗೆ ತಮ್ಮದೇ ಪಠ್ಯಕ್ರಮ ಇದೆ, ನಿಮ್ಮ ಶಾಲೆಯದು ಯಾವುದು ಎಂದು ಒಮ್ಮೆ ನೋಡಿಕೊಳ್ಳಿ.

ಅಲಂಕಾರ ಸಿಕ್ಕಾಗ ಮಗಳು ಮಾಡಬೇಕಾದ್ದು ಇಷ್ಟೇ. ಆ ಸಾಲನ್ನು ಅಲಂಕಾರ ತೆಗೆದು ಸಾದಾ ಮಾತಿನಲ್ಲಿ ಹೇಳಲಿ. ಏನು ಕಳೆದುಹೋಯಿತು ಎಂದು ನೋಡಲಿ. ಚೆಕ್ಕಿನ ಮಾತು ತೆಗೆದು 'ನಮಗೆ ಹಕ್ಕು ಸಿಕ್ಕಿಲ್ಲ' ಎಂದರೆ, ಯಾಕೆ ಕೊಡಲೇಬೇಕು ಎನ್ನುವ ಕಾರಣವೇ ಮಾಯ. ದ್ವೀಪದ ಮಾತು ತೆಗೆದು 'ಕೆಲವರು ಬಡವರು' ಎಂದರೆ ವಿಷಯ ಉಳಿಯುತ್ತದೆ, ನೋವು ಹೋಗುತ್ತದೆ. ಕಳೆದುಹೋದದ್ದು ಯಾವುದೋ ಅದೇ ಉತ್ತರ. ಎರಡು ಕಳೆದುಹೋದರೆ ದೊಡ್ಡದನ್ನು ಬರೆದು ಕಾರಣ ಕೊಡಲಿ. 'ಈ ರೂಪಕ ಓದುಗರ ಭಾವನೆಗೆ ತಟ್ಟುತ್ತದೆ' ಎಂದು ಸುಮ್ನೆ ಬರೆದರೆ ಸಾಲದು. 'ಹಕ್ಕನ್ನು ತೀರಿಸದ ಸಾಲಕ್ಕೆ ಹೋಲಿಸುವ ಮೂಲಕ, ಸರ್ಕಾರ ತಾನೇ ಕೊಟ್ಟ ಮಾತಿಗೆ ಬದ್ಧ ಎಂದು ಕಿಂಗ್ ವಾದಿಸುತ್ತಾರೆ' ಎಂಬಂಥ ಒಂದು ವಾಕ್ಯ ಇಂಗ್ಲಿಷಿನಲ್ಲಿ ಬರೆಯಲು ಬಂದರೆ ಟೆಸ್ಟ್‌ಗೆ ಹೆದರಬೇಕಿಲ್ಲ.

ಅಂಕಿ ಕಂಡರೆ ಲೋಗೋಸ್ ಎನ್ನುವುದೂ ಇದೇ ಥರದ ತಪ್ಪು. ಹತ್ತರಲ್ಲಿ ಒಂಬತ್ತು ದಂತವೈದ್ಯರು ಈ ಪೇಸ್ಟ್ ಒಪ್ಪಿದ್ದಾರೆ ಎಂಬ ಜಾಹೀರಾತು ಅಂಕಿ ತೋರಿಸಿದರೂ, ಜಾಸ್ತಿ ಆತುಕೊಂಡಿರುವುದು ವೈದ್ಯರ ಮೇಲಿನ ನಂಬಿಕೆಯನ್ನು. ಪುನರಾವರ್ತನೆಯನ್ನೂ ಹೀಗೇ ತೂಗಿ ನೋಡಬೇಕು. ಕಿಂಗ್ 'ನೂರು ವರ್ಷಗಳ ನಂತರವೂ' ಎಂದು ಮತ್ತೆ ಮತ್ತೆ ಹೇಳುವಾಗ ದನಿಯಲ್ಲಿ ನೋವಿದೆ. ಆದರೆ ಲಿಂಕನ್ ಗುಲಾಮರ ಬಿಡುಗಡೆಯ ಘೋಷಣೆ ಹೊರಡಿಸಿದ್ದು 1863ರಲ್ಲಿ, ಭಾಷಣ 1963ರದು. ಲೆಕ್ಕ ಸರಿಯಾಗಿದೆ, ಅಲ್ವಾ? ಆ ನೋವಿನ ಕೆಳಗೆ ಪುರಾವೆಯೂ ಇದೆ.

ಓದಿದ್ದು ಸಾಕು ಅನ್ನಿಸಿದಾಗ ಅವಳಿಂದಲೇ ಬರೆಸಿ. ಮನೆಗೆ ನಾಯಿ ತರಬೇಕು ಎಂದು ನಿಮ್ಮನ್ನು ಒಪ್ಪಿಸಲಿ. ಮೂರು ರೂಪಕ, ಮೂರು ಅಪೀಲ್. 'ನಾನು ಸ್ಕೂಲಿಂದ ಬಂದಾಗ ಮನೆ ಖಾಲಿ ಡಬ್ಬ' ಎಂದರೆ ಪೇಥೋಸ್. 'ನಾಯಿ ಅಂದರೆ ಸಂಬಳ ಕೇಳದ ವಾಚ್‌ಮನ್' ಎಂದರೆ ಲೋಗೋಸ್. 'ಗಿಡಗಳಿಗೆ ನೀರು ಹಾಕುವುದರಲ್ಲಿ ನಾನೇ ಈ ಮನೆಯ ಗಡಿಯಾರ, ಒಂದು ದಿನವೂ ತಪ್ಪಿಸಿಲ್ಲ' ಎಂದರೆ ಈಥೋಸ್. ಯಾವುದು ಯಾವುದು ಎಂದು ಅವಳು ಹೇಳುವುದು ಬೇಡ. ನೀವು ಊಹಿಸಿ. ನಿಮ್ಮ ಊಹೆ ತಪ್ಪಾದರೆ ಯಾಕೆ ತಪ್ಪು ಎಂದು ಅವಳು ವಾದಿಸಲಿ.